ಆಕಾಶ ಗುಡಿಸಿದ ‘ಸಹಾಯಕಿ’

ಹಳೆಯ ಇಂಗ್ಲಿಷ್ ನಿಘಂಟುಗಳಲ್ಲಿ ‘ಅಡ್ಜೂಟ್ರಿಕ್ಸ್’ ಎಂಬ ಪದವೊಂದು ಮೂಲೆ ಹಿಡಿದು ಕುಳಿತಿದೆ. ಅದರ ಪಕ್ಕದಲ್ಲೇ ಅದರ ಅಕ್ಕನಂತೆ ‘ಕೋ-ಅಡ್ಜೂಟ್ರಿಕ್ಸ್’. ಅರ್ಥ ಸರಳ: ಸಹಾಯಕಿ, ಜೊತೆಗೆ ನಿಂತು ದುಡಿಯುವವಳು, ಇನ್ನೊಬ್ಬರ ಬದಲಿಗೆ ಕೆಲಸ ನಡೆಸುವವಳು. ಇಂದು ಈ ಪದವನ್ನು ಯಾರೂ ಆಡುವುದಿಲ್ಲ, ಬರೆಯುವುದೂ ಇಲ್ಲ. ಅದರ ಗಂಡು ಬಂಧು ‘ಅಡ್ಜುಟಂಟ್’ ಮಾತ್ರ ಸೈನ್ಯದಲ್ಲಿ ಇನ್ನೂ ಸೆಲ್ಯೂಟ್ ಹೊಡೆಸಿಕೊಳ್ಳುತ್ತಿದ್ದಾನೆ.

ಪದದ ಕೊನೆಯಲ್ಲಿರುವ ‘ಟ್ರಿಕ್ಸ್’ ಲ್ಯಾಟಿನ್ ಭಾಷೆಯ ಸ್ತ್ರೀಲಿಂಗ ಪ್ರತ್ಯಯ. ಗಂಡಸಾದರೆ ‘ಟರ್’, ಹೆಂಗಸಾದರೆ ‘ಟ್ರಿಕ್ಸ್’. ಸಂಸ್ಕೃತ ಬಲ್ಲವರಿಗೆ ಇದು ಹೊಸತಲ್ಲ. ಅಲ್ಲಿಯೂ ‘ನೇತೃ’ವಿಗೆ ‘ನೇತ್ರೀ’, ‘ಕರ್ತೃ’ವಿಗೆ ‘ಕರ್ತ್ರೀ’. ಲ್ಯಾಟಿನ್ನಿನ ‘ಟ್ರಿಕ್ಸ್’ ಮತ್ತು ಸಂಸ್ಕೃತದ ‘ತ್ರೀ’ ಒಂದೇ ಬೇರಿನವು ಎಂದು ಭಾಷಾಶಾಸ್ತ್ರಜ್ಞರು ಎಂದೋ ತೋರಿಸಿಕೊಟ್ಟಿದ್ದಾರೆ. ಹೆತ್ತ ತಾಯಿಗೆ ಲ್ಯಾಟಿನ್ನಿನಲ್ಲಿ ‘ಜೆನೆಟ್ರಿಕ್ಸ್’, ಸಂಸ್ಕೃತದಲ್ಲಿ ‘ಜನಿತ್ರೀ’. ಕನ್ನಡದ ‘ಕವಯಿತ್ರಿ’, ‘ಅಭಿನೇತ್ರಿ’ಗಳೂ ಇದೇ ಮನೆತನದವು. ಪಿ.ಯು.ಸಿ. ಗಣಿತದಲ್ಲಿ ಪರವಲಯದ ಪಾಠ ಓದಿದವರಿಗೆ ‘ಡೈರೆಕ್ಟ್ರಿಕ್ಸ್’ ಎಂಬ ರೇಖೆ ನೆನಪಿರಬಹುದು. ರೇಖೆ ಎಂಬುದು ಲ್ಯಾಟಿನ್ನಿನಲ್ಲಿ ಸ್ತ್ರೀಲಿಂಗ. ಹಾಗಾಗಿ ಅದು ‘ಡೈರೆಕ್ಟರ್’ ಆಗದೆ ‘ಡೈರೆಕ್ಟ್ರಿಕ್ಸ್’ ಆಯಿತು! ಲ್ಯಾಟಿನ್ನಿನಲ್ಲಿ ಸೈನ್ಯದಳವೂ ಸ್ತ್ರೀಲಿಂಗವೇ. ಕ್ರಿ.ಶ. 68ರ ಸುಮಾರಿಗೆ ರೋಮನ್ ಸಾಮ್ರಾಜ್ಯ ನೌಕಾಪಡೆಯ ಆಳುಗಳನ್ನು ಸೇರಿಸಿ ಕಟ್ಟಿದ ಹೊಸ ದಳಕ್ಕೆ ‘ಒಂದನೆಯ ಅಡ್ಜೂಟ್ರಿಕ್ಸ್’ ಎಂದು ಹೆಸರಿಟ್ಟಿತು. ಸ್ವಲ್ಪವೇ ಕಾಲದಲ್ಲಿ ಎರಡನೆಯದೂ ಹುಟ್ಟಿತು. ಸಾವಿರಾರು ಗಡ್ಡಮೀಸೆಯ ಯೋಧರು ‘ಸಹಾಯಕಿ’ಯ ಹೆಸರಿನಲ್ಲಿ ಕತ್ತಿ ಹಿಡಿದು ಬ್ರಿಟನ್ನಿನವರೆಗೂ ನಡೆದರು.

ನಿಜವಾದ ಸಹಾಯಕಿಯರ ಕಥೆ ಮಾತ್ರ ಇಷ್ಟು ಸದ್ದು ಮಾಡಲಿಲ್ಲ. ವಿಜ್ಞಾನದ ಇತಿಹಾಸದಲ್ಲಿ ಈ ಪದಕ್ಕೆ ತಕ್ಕ ಒಬ್ಬಳನ್ನು ಹುಡುಕುವುದಾದರೆ ಕ್ಯಾರೊಲಿನ್ ಹರ್ಷೆಲ್ ಎಂಬ ನಾಲ್ಕೂಕಾಲು ಅಡಿಯ ಹೆಂಗಸಿನ ಮುಂದೆ ನಿಲ್ಲಬೇಕಾಗುತ್ತದೆ.

ಕಸಬರಿಗೆಯಿಂದ ದೂರದರ್ಶಕಕ್ಕೆ

ಕ್ಯಾರೊಲಿನ್ ಹುಟ್ಟಿದ್ದು 1750ರ ಮಾರ್ಚ್ 16ರಂದು, ಜರ್ಮನಿಯ ಹ್ಯಾನೋವರಿನಲ್ಲಿ. ತಂದೆ ಐಸಾಕ್ ಸೈನ್ಯದ ಬ್ಯಾಂಡಿನಲ್ಲಿ ಓಬೋ ನುಡಿಸುತ್ತಿದ್ದ. ನಕ್ಷತ್ರಗಳ ಮೇಲೆ ಒಲವಿದ್ದ ಮನುಷ್ಯ. ತಾಯಿ ಅನ್ನಾ ಓದುಬರಹ ಬಾರದವಳು. ಮಗಳು ಹೆಚ್ಚು ಕಲಿತರೆ ಮನೆಗೆಲಸಕ್ಕೆ ಯಾರು ಎಂಬ ಚಿಂತೆ ಅವಳದು. ಹತ್ತನೆಯ ವಯಸ್ಸಿನಲ್ಲಿ ಟೈಫಸ್ ಜ್ವರ ಬಂದು ಹುಡುಗಿಯ ಬೆಳವಣಿಗೆಯೇ ನಿಂತುಹೋಯಿತು. ಅದಕ್ಕೂ ಮೊದಲೇ ಸಿಡುಬು ಮುಖದ ಮೇಲೆ ಗುರುತು ಬಿಟ್ಟಿತ್ತು. ರೂಪವಿಲ್ಲ, ಹಣವಿಲ್ಲ, ಮದುವೆಯ ಆಸೆ ಇಟ್ಟುಕೊಳ್ಳಬೇಡ ಎಂದು ಪ್ರೀತಿಯ ತಂದೆಯೇ ಹೇಳಿದ್ದನಂತೆ. ಅವನು 1767ರಲ್ಲಿ ತೀರಿಕೊಂಡ ಮೇಲೆ ಕಸ ಮುಸುರೆ, ಹೊಲಿಗೆ, ಹೆಣಿಗೆಗಳೇ ಅವಳ ಪ್ರಪಂಚವಾದವು.

ಅಣ್ಣ ವಿಲಿಯಂ ಆಗಲೇ ಇಂಗ್ಲೆಂಡಿಗೆ ಹೋಗಿ ಬಾತ್ ಎಂಬ ಊರಿನ ಪ್ರಾರ್ಥನಾಮಂದಿರದಲ್ಲಿ ಆರ್ಗನ್ ವಾದಕನಾಗಿದ್ದ. ಅವನು 1772ರಲ್ಲಿ ಬಂದು ತಂಗಿಯನ್ನು ಕರೆದೊಯ್ದ. ಅದಕ್ಕಾಗಿ ತಾಯಿಗೆ ಒಂದು ಮಾತು ಕೊಡಬೇಕಾಯಿತು: ಕ್ಯಾರೊಲಿನ್ ಬದಲಿಗೆ ಆಳೊಬ್ಬಳನ್ನು ಇಟ್ಟುಕೊಳ್ಳುವಷ್ಟು ಹಣವನ್ನು ಪ್ರತಿವರ್ಷ ಕಳಿಸುವುದು. ಇಪ್ಪತ್ತೆರಡು ವರ್ಷದ ಮಗಳ ಬೆಲೆ ಆ ಮನೆಯಲ್ಲಿ ಒಂದು ಕೆಲಸದಾಳಿನ ಸಂಬಳವಾಗಿತ್ತು.

ಬಾತ್‌ನಲ್ಲಿ ಅವಳು ಹಾಡಲು ಕಲಿತಳು. ಚೆನ್ನಾಗಿಯೇ ಕಲಿತಳು. 1778ರಲ್ಲಿ ಹ್ಯಾಂಡೆಲನ ‘ಮೆಸ್ಸೈಯ’ ಕೃತಿಯಲ್ಲಿ ಮುಖ್ಯ ಗಾಯಕಿಯಾದಳು. ಬರ್ಮಿಂಗ್‌ಹ್ಯಾಮ್ ಸಂಗೀತೋತ್ಸವದಿಂದ ಕರೆ ಬಂದಾಗ ಅಣ್ಣನ ನಿರ್ದೇಶನವಿಲ್ಲದ ಕಡೆ ಹಾಡುವುದಿಲ್ಲವೆಂದು ನಿರಾಕರಿಸಿದಳು. ಇದು ನಿಷ್ಠೆಯೋ, ಅಂಜಿಕೆಯೋ ಹೇಳುವುದು ಕಷ್ಟ. ಅಷ್ಟರಲ್ಲಿ ಅಣ್ಣನಿಗೆ ಖಗೋಳದ ಹುಚ್ಚು ಹತ್ತಿತು. ಮನೆಯ ಕೋಣೆಗಳೆಲ್ಲ ಕಾರ್ಖಾನೆಗಳಾದವು. ತಾಮ್ರ ಮತ್ತು ತವರದ ಮಿಶ್ರಲೋಹವನ್ನು ಎರಕ ಹೊಯ್ದು, ಉಜ್ಜಿ ಉಜ್ಜಿ ಕನ್ನಡಿ ಮಾಡುವುದು ವಿಲಿಯಂನ ಕೆಲಸ. ಎರಕದ ಅಚ್ಚಿಗೆ ಬೇಕಾದ ಕುದುರೆ ಲದ್ದಿಯನ್ನು ಒರಳಿನಲ್ಲಿ ಕುಟ್ಟಿ ಜರಡಿ ಹಿಡಿಯುವುದರಲ್ಲಿ ತಂಗಿಯ ಕೈಯೂ ಇತ್ತು. ಒಮ್ಮೆ ವಿಲಿಯಂ ಕನ್ನಡಿಯ ಮೇಲಿಂದ ಕೈ ತೆಗೆಯದೆ ಸತತ 16 ಗಂಟೆ ಉಜ್ಜಿದ. ನಡುವೆ ನಿಲ್ಲಿಸಿದರೆ ಕನ್ನಡಿಯ ಮೈ ಕೆಡುವ ಭಯ. ಆಗ ಆಕೆ ಪಕ್ಕದಲ್ಲಿ ನಿಂತು ಊಟವನ್ನು ತುತ್ತು ತುತ್ತಾಗಿ ಅವನ ಬಾಯಿಗಿಟ್ಟಳು.

1781ರ ಮಾರ್ಚ್ 13ರ ರಾತ್ರಿ ವಿಲಿಯಂ ತಾನೇ ಮಾಡಿದ ದೂರದರ್ಶಕದಲ್ಲಿ ಯುರೇನಸ್ ಗ್ರಹವನ್ನು ಕಂಡ. ಮೂರನೆಯ ಜಾರ್ಜ್ ದೊರೆ ಅವನಿಗೆ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿ ಆಸ್ಥಾನ ಖಗೋಳಜ್ಞನನ್ನಾಗಿ ಇರಿಸಿಕೊಂಡ. ಅಣ್ಣ ಸಂಗೀತ ಬಿಟ್ಟ. ಅದರೊಂದಿಗೆ ತಂಗಿಯ ಸಂಗೀತವೂ ನಿಂತಿತು. ಆಕೆಯನ್ನು ಯಾರೂ ಕೇಳಲಿಲ್ಲ. 1782ರ ಆಗಸ್ಟಿನಲ್ಲಿ ಇಬ್ಬರೂ ವಿಂಡ್ಸರ್ ಅರಮನೆಗೆ ಸಮೀಪದ ಡ್ಯಾಚೆಟ್ ಎಂಬ ಹಳ್ಳಿಗೆ ಬಂದರು.

ಅಲ್ಲಿ ವಿಲಿಯಂ ಆಕೆಯ ಕೈಗೊಂದು ಪುಟ್ಟ ದೂರದರ್ಶಕ ಕೊಟ್ಟು ಆಕಾಶವನ್ನು ‘ಗುಡಿಸು’ ಎಂದ. ಇದು ಹಾಸ್ಯವಲ್ಲ. ಆಕಾಶದ ಪಟ್ಟಿಯೊಂದನ್ನು ಆರಿಸಿಕೊಂಡು ಆ ತುದಿಯಿಂದ ಈ ತುದಿಯವರೆಗೆ ಏನನ್ನೂ ಬಿಡದೆ ನೋಡುತ್ತ ಹೋಗುವುದಕ್ಕೆ ಖಗೋಳಜ್ಞರು ‘ಸ್ವೀಪಿಂಗ್’ ಎನ್ನುತ್ತಾರೆ. ಆ ಉಪಕರಣದ ಹೆಸರೂ ‘ಸ್ವೀಪರ್’. ತಾಯಿ ಮನೆ ಗುಡಿಸಲು ಇಟ್ಟುಕೊಂಡಿದ್ದ ಮಗಳು ಈಗ ಆಕಾಶ ಗುಡಿಸತೊಡಗಿದಳು.

ಕಿಟಕಿಯ ಬಳಿಯ ದೀಪ

1783ರಲ್ಲೇ ಫಲ ಸಿಕ್ಕಿತು. ಫೆಬ್ರವರಿ 26ರಂದು ಮಹಾಶ್ವಾನ ಪುಂಜದಲ್ಲಿ, ಯಾರೂ ಅದುವರೆಗೆ ದಾಖಲಿಸದಿದ್ದ ನಕ್ಷತ್ರಗುಚ್ಛವೊಂದು ಕಂಡಿತು. ಆಗಸ್ಟಿನಲ್ಲಿ ದೇವಯಾನಿ ಗೆಲಾಕ್ಸಿಯ ಒಂದು ಸಂಗಾತಿ, ಸೆಪ್ಟೆಂಬರ್ 23ರಂದು ದಕ್ಷಿಣದ ಅಂಚಿನಲ್ಲಿ ಮತ್ತೊಂದು ಗೆಲಾಕ್ಸಿ. ಗೆಲಾಕ್ಸಿ ಎಂಬ ಕಲ್ಪನೆ ಆಗ ಇರಲಿಲ್ಲ. ಮಸುಕಾಗಿ ಕಂಡದ್ದೆಲ್ಲ ‘ನೆಬ್ಯುಲಾ’. ಹರಿದಾಡಿ ನೋಡಿದರೆ ಇಂಥವು ಇನ್ನೂ ಎಷ್ಟಿವೆಯೋ ಎಂಬ ಆಲೋಚನೆ ಅಣ್ಣನಿಗೆ ಬಂತು. ತನ್ನ 20 ಅಡಿ ಉದ್ದದ ದೊಡ್ಡ ದೂರದರ್ಶಕದಿಂದ ಅವನೇ ಆ ಕೆಲಸಕ್ಕಿಳಿದ. ಬರೆದುಕೊಳ್ಳಲು ತಂಗಿಯನ್ನು ಕರೆದ. ಆಕೆಯ ಸ್ವಂತ ಹುಡುಕಾಟ ಬಹುಮಟ್ಟಿಗೆ ಅಲ್ಲಿಗೆ ನಿಂತಿತು.

ಈ ‘ಬರೆದುಕೊಳ್ಳುವ’ ಕೆಲಸ ಏನೆಂದು ಸ್ವಲ್ಪ ವಿವರವಾಗಿ ನೋಡಬೇಕು. ಕತ್ತಲಲ್ಲಿ ನಮ್ಮ ಕಣ್ಣು ಪೂರ್ತಿ ಚುರುಕಾಗಲು ಅರ್ಧ ಗಂಟೆಯಾದರೂ ಬೇಕು. ಕಣ್ಪಾಪೆ ಹಿಗ್ಗುವುದು ಕ್ಷಣಗಳ ಮಾತು. ಆದರೆ ಅಕ್ಷಿಪಟಲದ ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳುವುದು ನಿಧಾನ. ನಡುವೆ ಒಂದು ದೀಪ ನೋಡಿದರೆ ಸಾಕು, ಎಲ್ಲ ಮೊದಲಿನಿಂದ. ಹೀಗಾಗಿ ಮಸುಕಾದ ನೆಬ್ಯುಲಾ ಹುಡುಕುವವನು ತಾನೇ ಬರೆದುಕೊಳ್ಳಲು ಹೋದರೆ ರಾತ್ರಿಯೆಲ್ಲ ಕುರುಡನಾಗಿ ಕೂರಬೇಕಾಗುತ್ತದೆ. ವಿಲಿಯಂ ಎತ್ತರದ ಏಣಿಮೇಲೆ ಕತ್ತಲಲ್ಲಿ ನಿಲ್ಲುತ್ತಿದ್ದ. ಕ್ಯಾರೊಲಿನ್ ಮನೆಯೊಳಗೆ ಕಿಟಕಿಯ ಪಕ್ಕ ದೀಪ, ಗಡಿಯಾರ, ಫ್ಲಾಮ್‌ಸ್ಟೀಡನ ನಕ್ಷತ್ರಪಟಗಳನ್ನು ಹರಡಿಕೊಂಡು ಕೂರುತ್ತಿದ್ದಳು. ಅವನು ಕೂಗಿ ಹೇಳಿದ್ದನ್ನು ಬರೆದು, ತಿರುಗಿ ಓದಿ ಹೇಳಿ, ಆ ಕ್ಷಣದ ವೇಳೆಯನ್ನೂ ದೂರದರ್ಶಕದ ಕೋನವನ್ನೂ ದಾಖಲಿಸುತ್ತಿದ್ದಳು. ಶಾಯಿ ಹೆಪ್ಪುಗಟ್ಟುವ ಚಳಿಯಲ್ಲಿ ಬೆಳಗಿನ ಜಾವದವರೆಗೂ ಇದು ನಡೆಯುತ್ತಿತ್ತು. ಹಗಲಾದರೆ ರಾತ್ರಿಯ ಟಿಪ್ಪಣಿಯ ಶುದ್ಧಪ್ರತಿ. ಆಮೇಲೆ ಲೆಕ್ಕ.

ಲೆಕ್ಕವೆಂದರೆ ಕೂಡುವ ಕಳೆಯುವ ಮಾತಲ್ಲ. ಭೂಮಿಯ ಅಕ್ಷ ಬುಗುರಿಯಂತೆ ತೂಗುವುದರಿಂದ ನಕ್ಷತ್ರಗಳ ನಿರ್ದೇಶಾಂಕಗಳು ವರ್ಷಕ್ಕೆ ಸುಮಾರು 50 ವಿಕಲೆಯಷ್ಟು ಸರಿಯುತ್ತವೆ. ಬೇರೆ ಬೇರೆ ವರ್ಷಗಳ ವೀಕ್ಷಣೆಗಳನ್ನು ಒಂದೇ ಕಾಲಕ್ಕೆ ತಂದು ನಿಲ್ಲಿಸಬೇಕು. ಆ ಇಡೀ ಗೋಲ ತ್ರಿಕೋನಮಿತಿಯನ್ನು ಆಕೆ ಬೆಳಗಿನ ತಿಂಡಿಯ ಹೊತ್ತಿನಲ್ಲಿ ಅಣ್ಣನನ್ನು ಪ್ರಶ್ನೆ ಕೇಳಿ ಕೇಳಿ ಕಲಿತಳು. ವಿಚಿತ್ರವೆಂದರೆ ಆಕೆಗೆ ಮಗ್ಗಿ ಮಾತ್ರ ಕೊನೆಯವರೆಗೂ ಬಾಯಿಪಾಠ ಬರಲಿಲ್ಲ. ಮಗ್ಗಿ ಬರೆದ ಹಾಳೆಯೊಂದನ್ನು ಸದಾ ಜೊತೆಗಿಟ್ಟುಕೊಂಡಿರುತ್ತಿದ್ದಳು. ಹದಿನೇಳು ಹದಿಮೂರಲೆ ಎಂದು ಕೇಳಿ ಮಕ್ಕಳ ಕಿವಿ ಹಿಂಡುವ ಮೇಷ್ಟರುಗಳು ಈ ಸಂಗತಿಯನ್ನು ಗಮನಿಸುವುದು ಒಳ್ಳೆಯದು.

1783ರ ಡಿಸೆಂಬರ್ 31ರ ರಾತ್ರಿ. ಕರಗುತ್ತಿದ್ದ ಹಿಮ ನೆಲದ ಮೇಲೆ ಒಂದಡಿಯಷ್ಟಿತ್ತು. ಮೋಡ ಸರಿದು ನಕ್ಷತ್ರಗಳು ಇಣುಕಿದ ಕೂಡಲೆ ಅಣ್ಣ ಏನನ್ನೋ ಹೊಂದಿಸಲು ಕೂಗಿದ. ಓಡಿದ ಆಕೆ ಜಾರಿ ಬಿದ್ದಳು. ದೂರದರ್ಶಕದ ಯಂತ್ರಕ್ಕೆ ಸಿಕ್ಕಿಸಿದ್ದ ದೊಡ್ಡ ಕಬ್ಬಿಣದ ಕೊಕ್ಕೆ ಮೊಣಕಾಲಿನ ಮೇಲೆ ತೊಡೆಯೊಳಗೆ ಹೊಕ್ಕಿತು. ಎತ್ತಿ ಬಿಡಿಸುವಾಗ ಎರಡು ಔನ್ಸಿನಷ್ಟು ಮಾಂಸ ಕೊಕ್ಕೆಯಲ್ಲೇ ಉಳಿಯಿತು. ಸೈನಿಕನಿಗೆ ಇಂಥ ಗಾಯವಾಗಿದ್ದರೆ ಆರು ವಾರ ಆಸ್ಪತ್ರೆಯ ಆರೈಕೆ ಸಿಗುತ್ತಿತ್ತು ಎಂದು ವೈದ್ಯರು ಆಮೇಲೆ ಹೇಳಿದರು. ಆಕೆ ತನ್ನ ನೆನಪುಗಳಲ್ಲಿ ಬರೆದುಕೊಂಡಿರುವ ಸಮಾಧಾನ ಇದು: ಆ ರಾತ್ರಿಯ ಉಳಿದ ಭಾಗ ಮೋಡ ಕವಿದಿತ್ತು, ಹಾಗಾಗಿ ಅಣ್ಣನಿಗೆ ನಷ್ಟವಾಗಲಿಲ್ಲ!

1783ರಿಂದ 1802ರವರೆಗೆ ಅಣ್ಣ ತಂಗಿ ಸಾವಿರಕ್ಕೂ ಹೆಚ್ಚು ಸಲ ಹೀಗೆ ಆಕಾಶ ಗುಡಿಸಿದರು. ಅದಕ್ಕೆ ಮೊದಲು ತಿಳಿದಿದ್ದ ನೆಬ್ಯುಲಾ ಮತ್ತು ಗುಚ್ಛಗಳು ನೂರರ ಆಸುಪಾಸು. ಇವರು ಮುಗಿಸುವ ಹೊತ್ತಿಗೆ 2500 ಸೇರಿದ್ದವು. ಮೂರು ಕಂತುಗಳಲ್ಲಿ ಅಚ್ಚಾದ ಆ ಪಟ್ಟಿಯ ಮೇಲಿರುವ ಹೆಸರು ಒಂದೇ, ವಿಲಿಯಂ ಹರ್ಷೆಲ್.

ಹನ್ನೆರಡೂವರೆ ಪೌಂಡ್

1786ರ ಬೇಸಿಗೆಯಲ್ಲಿ ದೊರೆಯ ಕಾಣಿಕೆಯಾಗಿ ದೂರದರ್ಶಕವೊಂದನ್ನು ಒಪ್ಪಿಸಲು ವಿಲಿಯಂ ಜರ್ಮನಿಯ ಗಟಿಂಗನ್‌ಗೆ ಹೋದ. ಮನೆ ಆಗ ಸ್ಲೌ ಎಂಬ ಊರಿಗೆ ಬದಲಾಗಿತ್ತು. ಅಣ್ಣನಿಲ್ಲದ ರಾತ್ರಿಗಳು ಎಂದರೆ ಕ್ಯಾರೊಲಿನ್‌ಗೆ ಸ್ವಂತ ರಾತ್ರಿಗಳು. ಆಗಸ್ಟ್ 1ರಂದು ತನ್ನ ಸ್ವೀಪರಿನಲ್ಲಿ ಮಸುಕಾದ ವಸ್ತುವೊಂದನ್ನು ಕಂಡಳು. ಧೂಮಕೇತುವೋ ನೆಬ್ಯುಲಾವೋ ಎಂಬುದು ನೋಟಕ್ಕೆ ತಿಳಿಯದು. ನೆಬ್ಯುಲಾ ನಕ್ಷತ್ರಗಳ ನಡುವೆ ಇದ್ದಲ್ಲೇ ಇರುತ್ತದೆ, ಧೂಮಕೇತು ಸರಿಯುತ್ತದೆ. ಮರುದಿನ ನೋಡಿದಳು, ಸರಿದಿತ್ತು. ಕೂಡಲೆ ರಾಯಲ್ ಸೊಸೈಟಿಯ ಕಾರ್ಯದರ್ಶಿಗೆ ಪತ್ರ ಬರೆದಳು. ನಾಲ್ಕು ದಿನದಲ್ಲಿ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಮತ್ತು ಸಂಗಡಿಗರು ಧೂಮಕೇತು ನೋಡಲು ಆ ಮನೆಯ ಬಾಗಿಲಿಗೇ ಬಂದರು. ಅವರ ಸಂಸ್ಥೆಯಲ್ಲಿ ಆಗ ಹೆಂಗಸರಿಗೆ ಸದಸ್ಯತ್ವ ಇರಲಿಲ್ಲ. ಅದು ಸಿಗಲು 1945 ಬರಬೇಕಾಯಿತು.

1787ರಲ್ಲಿ ದೊರೆ ಕ್ಯಾರೊಲಿನ್‌ಗೆ ವರ್ಷಕ್ಕೆ 50 ಪೌಂಡ್ ಸಂಬಳ ಗೊತ್ತುಮಾಡಿದ. ಹುದ್ದೆ: ವಿಲಿಯಂ ಹರ್ಷೆಲನಿಗೆ ‘ಸಹಾಯಕಿ’. ಇಂಗ್ಲೆಂಡಿನಲ್ಲಿ ಖಗೋಳ ವೀಕ್ಷಣೆಗಾಗಿ ಸಂಬಳ ಪಡೆದ ಮೊದಲ ಹೆಣ್ಣು ಎಂದು ಇತಿಹಾಸಕಾರರು ಆಕೆಯನ್ನು ಗುರುತಿಸುತ್ತಾರೆ. ಆ ಅಕ್ಟೋಬರಿನಲ್ಲಿ ಮೂರು ತಿಂಗಳ ಕಂತಾಗಿ ಹನ್ನೆರಡೂವರೆ ಪೌಂಡ್ ಕೈಗೆ ಬಂತು. ತನ್ನ ಇಷ್ಟದಂತೆ ಖರ್ಚು ಮಾಡಬಹುದಾದ ಮೊದಲ ಹಣ ಜೀವನದಲ್ಲಿ ಅದೇ ಎಂದು ಆಕೆ ಬರೆದುಕೊಂಡಿದ್ದಾಳೆ. ಆಗ ಆಕೆಗೆ ಮೂವತ್ತೇಳು ವರ್ಷ. ಅಣ್ಣನ ಸಂಬಳದ ಕಾಲು ಭಾಗ ಎಂದು ಇಂದು ಲೆಕ್ಕ ಹಾಕಿ ಮೂಗು ಮುರಿಯಬಹುದು. ಆದರೆ ಅದುವರೆಗೆ ಆಕೆ ಮಾಡುತ್ತಿದ್ದುದು ಅದೇ ಕೆಲಸ, ಸಂಬಳ ಮಾತ್ರ ಸೊನ್ನೆ. ‘ಸಹಾಯಕಿ’ ಎಂಬ ಪದ ಒಂದು ಕಡೆ ಆಕೆಯನ್ನು ಅಣ್ಣನ ನೆರಳಿಗೆ ಕಟ್ಟಿಹಾಕಿತು. ಮತ್ತೊಂದು ಕಡೆ ಅದೇ ಪದ ಆಕೆಗೆ ಅಣ್ಣನ ಹಂಗಿಲ್ಲದ ಅನ್ನ ಕೊಟ್ಟಿತು.

ಆ ಅನ್ನದ ಅಗತ್ಯ ಬೇಗನೆ ತಿಳಿಯಿತು. 1788ರ ಮೇ ತಿಂಗಳಲ್ಲಿ ವಿಲಿಯಂ, ಮೇರಿ ಪಿಟ್ ಎಂಬ ಅನುಕೂಲವಂತ ವಿಧವೆಯನ್ನು ಮದುವೆಯಾದ. ಹದಿನಾರು ವರ್ಷ ಮನೆ ನಡೆಸಿದ್ದ ತಂಗಿ ಬೇರೆ ಕೋಣೆ ಹಿಡಿದು, ಕೆಲಸದ ಹೊತ್ತಿಗೆ ಮಾತ್ರ ಬಂದು ಹೋಗುವಂತಾಯಿತು. ಮುಂದಿನ ಹತ್ತು ವರ್ಷಗಳ ದಿನಚರಿಯನ್ನು ಆಕೆ ತಾನೇ ನಾಶಮಾಡಿದಳು. ಅದರಲ್ಲಿ ಏನಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಅತ್ತಿಗೆಯೊಂದಿಗೆ ಕಾಲಕ್ರಮೇಣ ಸ್ನೇಹ ಬೆಳೆಯಿತು ಎನ್ನುವುದು ಬೇರೆ ಮಾತು.

ಗಮನಿಸಬೇಕಾದ್ದೆಂದರೆ ಆಕೆಯ ಎಂಟು ಧೂಮಕೇತುಗಳಲ್ಲಿ ಏಳು ದೊರೆತದ್ದು ಈ ಒಂಟಿತನದ ಹತ್ತು ವರ್ಷಗಳಲ್ಲಿ. 1788ರ ಡಿಸೆಂಬರಿನಲ್ಲಿ ಕಂಡದ್ದನ್ನು ರಿಗೊಲೆ ಎಂಬ ಫ್ರೆಂಚ್ ವೀಕ್ಷಕ 1939ರಲ್ಲಿ ಮತ್ತೆ ಕಂಡ. ಇಬ್ಬರ ಹೆಸರೂ ಅದಕ್ಕೆ ಅಂಟಿದೆ. ಅದು ಮತ್ತೆ ಬರುವುದು 2092ರಲ್ಲಿ. 1795ರಲ್ಲಿ ಕಂಡದ್ದು ಮೂರೂಕಾಲು ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುವ ಪ್ರಸಿದ್ಧ ಎಂಕೆ ಧೂಮಕೇತು. ಎಂಕೆ ಅದರ ಕಕ್ಷೆಯನ್ನು ಲೆಕ್ಕ ಹಾಕಿದವನು, ಕಂಡವನಲ್ಲ. 1797ರ ಆಗಸ್ಟಿನಲ್ಲಿ ಕೊನೆಯದು ಕಂಡಾಗ ಪತ್ರವನ್ನು ನೆಚ್ಚಿಕೊಳ್ಳದೆ, ಒಂದು ಗಂಟೆ ಮಾತ್ರ ನಿದ್ರೆ ಮಾಡಿ, ಕುದುರೆ ಏರಿ ಗ್ರೀನಿಚ್‌ವರೆಗೆ ಹೋಗಿ ರಾಜಜ್ಯೋತಿಷಿ ಮ್ಯಾಸ್ಕಲಿನ್‌ಗೆ ಖುದ್ದಾಗಿ ತಿಳಿಸಿದಳು. ಧೂಮಕೇತುವಿನ ವಿಷಯದಲ್ಲಿ ಮೊದಲು ಹೇಳಿದವರದೇ ಶೋಧ. ಆಕೆಗೆ ತನ್ನ ಹೆಸರಿನ ಬಗ್ಗೆ ಆಸೆಯೇ ಇರಲಿಲ್ಲ ಎನ್ನುವವರು ನಲವತ್ತೇಳು ವರ್ಷದ ಆ ಸವಾರಿಣಿಯನ್ನು ಕಣ್ಮುಂದೆ ತಂದುಕೊಳ್ಳಬೇಕು.

ಆದರೆ ಆಕೆಯ ನಿಜವಾದ ದೊಡ್ಡ ಕೆಲಸ ಧೂಮಕೇತುಗಳಲ್ಲ. ಧೂಮಕೇತು ಹುಡುಕಲು ತಾಳ್ಮೆ ಮತ್ತು ಅದೃಷ್ಟ ಸಾಕು. ಫ್ಲಾಮ್‌ಸ್ಟೀಡನ ನಕ್ಷತ್ರಪಟ್ಟಿ ಆ ಕಾಲದ ಖಗೋಳಜ್ಞರಿಗೆ ವೇದವಾಗಿತ್ತು. ಅದರಲ್ಲಿ ತಪ್ಪುಗಳಿದ್ದವು, ಮೂಲ ವೀಕ್ಷಣೆಗಳ ಸಂಪುಟಕ್ಕೂ ಪಟ್ಟಿಗೂ ತಾಳೆಯಾಗುತ್ತಿರಲಿಲ್ಲ. ಕ್ಯಾರೊಲಿನ್ ಇಪ್ಪತ್ತು ತಿಂಗಳು ಕುಳಿತು ಪ್ರತಿಯೊಂದು ವೀಕ್ಷಣೆಯನ್ನೂ ಅದರ ನಕ್ಷತ್ರದೊಂದಿಗೆ ಜೋಡಿಸಿದಳು. ಪಟ್ಟಿಯಲ್ಲಿ ಸೇರದೆ ಬಿಟ್ಟುಹೋಗಿದ್ದ 560 ನಕ್ಷತ್ರಗಳು ಹೊರಬಂದವು. ಉದ್ದನೆಯ ತಪ್ಪೊಪ್ಪೋಲೆ ಸಿದ್ಧವಾಯಿತು. 1798ರಲ್ಲಿ ರಾಯಲ್ ಸೊಸೈಟಿ ಅದನ್ನು ಆಕೆಯ ಹೆಸರಿನಲ್ಲೇ ಅಚ್ಚುಮಾಡಿಸಿತು.

1822ರಲ್ಲಿ ಅಣ್ಣ ತೀರಿಕೊಂಡ. ದುಃಖದ ಭರದಲ್ಲಿ ಆಕೆ ಇಂಗ್ಲೆಂಡ್ ಬಿಟ್ಟು ಹ್ಯಾನೋವರಿಗೆ ಹಿಂದಿರುಗಿದಳು. ಅಲ್ಲಿ ಎತ್ತರದ ಮನೆಗಳ ನಡುವೆ ಆಕಾಶವೇ ಕಾಣದು. ದೂರದರ್ಶಕ ಮೂಲೆ ಸೇರಿತು, ಲೇಖನಿ ಸೇರಲಿಲ್ಲ. ಅಣ್ಣನ ಮಗ ಜಾನ್ ಹರ್ಷೆಲ್ 2500 ನೆಬ್ಯುಲಾಗಳನ್ನು ಮತ್ತೆ ಪರೀಕ್ಷಿಸಲು ಹೊರಟಿದ್ದ. ವಿಲಿಯಂನ ಪಟ್ಟಿ ವರ್ಗವಾರು, ಕಂಡ ದಿನದ ಕ್ರಮದಲ್ಲಿತ್ತು. ದೂರದರ್ಶಕದ ಮುಂದೆ ನಿಂತವನಿಗೆ ಬೇಕಾದ್ದು ಆಕಾಶದ ಈ ಪಟ್ಟಿಯಲ್ಲಿ ಯಾವುದರ ನಂತರ ಯಾವುದು ಎಂಬುದು. ಎಪ್ಪತ್ತು ದಾಟಿದ ಅತ್ತೆ ಇಡೀ ಪಟ್ಟಿಯನ್ನು ಬಿಚ್ಚಿ, ಧ್ರುವದಿಂದ ಇರುವ ದೂರದಂತೆ ವಲಯಗಳಾಗಿ ಮರುಜೋಡಿಸಿ, ಎಲ್ಲ ಸ್ಥಾನಗಳನ್ನೂ ಒಂದೇ ವರ್ಷಕ್ಕೆ ತಂದು ಕಳಿಸಿಕೊಟ್ಟಳು. ಆ ಹಸ್ತಪ್ರತಿ ಅಚ್ಚಾಗಲಿಲ್ಲ. ಅದನ್ನು ಮುಂದಿಟ್ಟುಕೊಂಡು ಜಾನ್ ಮಾಡಿದ ಪಟ್ಟಿ ಬೆಳೆದು, 1888ರಲ್ಲಿ ಡ್ರೇಯರ್ ರಚಿಸಿದ ‘ಎನ್.ಜಿ.ಸಿ.’ ಪಟ್ಟಿಗೆ ತಳಪಾಯವಾಯಿತು. ಇಂದಿಗೂ ಗೆಲಾಕ್ಸಿಗಳನ್ನು ಕರೆಯುವುದು ಆ ಎನ್.ಜಿ.ಸಿ. ಸಂಖ್ಯೆಯಿಂದಲೇ.

ಲಂಡನ್ನಿನ ಖಗೋಳ ಸಂಘ 1828ರಲ್ಲಿ ಆಕೆಗೆ ಚಿನ್ನದ ಪದಕ ಕೊಟ್ಟಿತು. ಅದೇ ಪದಕ ಇನ್ನೊಬ್ಬ ಹೆಣ್ಣಿಗೆ, ಅಮೆರಿಕದ ವೆರಾ ರೂಬಿನ್‌ಗೆ, ದೊರೆತದ್ದು 1996ರಲ್ಲಿ. ನಡುವಿನ ಅಂತರ 168 ವರ್ಷ. 1835ರಲ್ಲಿ ಅದೇ ಸಂಘ ಮೇರಿ ಸಾಮರ್‌ವಿಲ್ ಜೊತೆಗೆ ಆಕೆಯನ್ನು ಗೌರವ ಸದಸ್ಯೆಯನ್ನಾಗಿ ಮಾಡಿಕೊಂಡಿತು. ಈ ಗೌರವಗಳಿಂದ ಆಕೆಗೆ ಹಿಗ್ಗಿಗಿಂತ ಕಸಿವಿಸಿಯೇ ಹೆಚ್ಚಾಯಿತು. ಪಳಗಿಸಿದ ನಾಯಿಮರಿ ಮಾಡುವಷ್ಟನ್ನೇ ತಾನು ಮಾಡಿದ್ದು ಎಂದು ಬರೆದಳು. ಈ ಮಾತನ್ನು ಆಕೆಯ ವಿನಯಕ್ಕೆ ಉದಾಹರಣೆಯಾಗಿ ಹಲವರು ಎತ್ತಿ ತೋರಿಸುತ್ತಾರೆ. ಆದರೆ ಆಕೆ ತನ್ನ ಸಮಾಧಿಗೆ ತಾನೇ ಬರೆದಿಟ್ಟ ಸಾಲುಗಳನ್ನೂ ನೋಡಬೇಕು. 1848ರ ಜನವರಿ 9ರಂದು, 97ನೆಯ ವಯಸ್ಸಿನಲ್ಲಿ ತೀರಿಕೊಂಡ ಆಕೆಯ ಕಲ್ಲಿನ ಮೇಲೆ ಅವು ಇವೆ. ಅಲ್ಲಿ ಮೊದಲು ಬರುವುದು ಧೂಮಕೇತುಗಳ ತನ್ನ ಸ್ವಂತ ಶೋಧದ ಮಾತು. ಆಮೇಲೆ ಅಣ್ಣನ ಕಾರ್ಯದಲ್ಲಿ ತನ್ನ ಪಾಲಿನ ಮಾತು. ಜರ್ಮನ್ ಮೂಲದಲ್ಲಿರುವ ಪದದ ಅರ್ಥ ‘ಪಾಲ್ಗೊಳ್ಳುವಿಕೆ’, ‘ಸಹಾಯ’ ಅಲ್ಲ. ಶವಪೆಟ್ಟಿಗೆಯಲ್ಲಿ ಆಕೆಯ ಇಚ್ಛೆಯಂತೆ ಅಣ್ಣನ ಕೂದಲಿನ ಒಂದು ಎಳೆಗಟ್ಟು ಮತ್ತು ತಂದೆ ಬಳಸುತ್ತಿದ್ದ ಹಳೆಯ ಪಂಚಾಂಗವೊಂದನ್ನು ಇಡಲಾಯಿತು.

ಈ ಮನೆತನಕ್ಕೂ ಕರ್ನಾಟಕಕ್ಕೂ ಒಂದು ಸಣ್ಣ ನಂಟಿದೆ. ಜಾನ್ ಹರ್ಷೆಲನ ಮಗ, ಅದೇ ಹೆಸರಿನ ಸೈನ್ಯಾಧಿಕಾರಿ, ಭಾರತದ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿದ್ದ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ರೋಹಿತದರ್ಶಕದಿಂದ ನೋಡಲು ಅವನು ಬಿಡಾರ ಹೂಡಿದ್ದು ಜಮಖಂಡಿಯಲ್ಲಿ. ಮೋಡಗಳ ಕಾಟದ ನಡುವೆ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಉಜ್ವಲ ರೇಖೆಗಳನ್ನು ಕಂಡು, ಅವು ಕಾದ ಅನಿಲ ಎಂಬುದಕ್ಕೆ ಸಾಕ್ಷಿ ಒದಗಿಸಿದವರಲ್ಲಿ ಅವನೂ ಒಬ್ಬ. ಕ್ಯಾರೊಲಿನ್‌ಗೆ ಅವನು ಅಣ್ಣನ ಮೊಮ್ಮಗ.

ಇನ್ನೊಂದು ನಂಟು ಯಾರಿಗೆ ಬೇಕಾದರೂ ದಕ್ಕುವಂಥದು. 1783ರ ಸೆಪ್ಟೆಂಬರಿನಲ್ಲಿ ಆಕೆ ಕಂಡ ಗೆಲಾಕ್ಸಿಗೆ ಈಗ ಎನ್.ಜಿ.ಸಿ. 253 ಎಂದು ಹೆಸರು. ಅದು ಸುಮಾರು 1 ಕೋಟಿ 10 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಖಗೋಳದ ಸಮಭಾಜಕಕ್ಕಿಂತ 25 ಡಿಗ್ರಿ ದಕ್ಷಿಣಕ್ಕಿರುವುದರಿಂದ ಇಂಗ್ಲೆಂಡಿನಲ್ಲಿ ಅದು ಕ್ಷಿತಿಜದಿಂದ ಹೆಚ್ಚೆಂದರೆ 13 ಡಿಗ್ರಿ ಮೇಲೇರುತ್ತದೆ; ಮರಗಳ ತುದಿ, ಊರಿನ ಹೊಗೆ, ಮಂಜಿನ ನಡುವೆ ಹುಡುಕಬೇಕು. ಬೆಂಗಳೂರಿನ ಅಕ್ಷಾಂಶದಲ್ಲಾದರೆ ಅದು 50 ಡಿಗ್ರಿ ದಾಟಿ ಮೇಲೆ ಬರುತ್ತದೆ. ನವೆಂಬರ್ ನಡುವಿನಲ್ಲಿ, ಬೆಳದಿಂಗಳಿಲ್ಲದ ರಾತ್ರಿ ಒಂಬತ್ತರ ಹೊತ್ತಿಗೆ ಊರಿನ ದೀಪಗಳಿಂದ ದೂರ ಹೋಗಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ತಿಮಿಂಗಿಲ ಪುಂಜದ ‘ಡಿಫ್ಡಾ’ ಎಂಬ ಒಂಟಿ ನಕ್ಷತ್ರ ಎದ್ದು ಕಾಣುತ್ತದೆ. ಅದರಿಂದ ಏಳೆಂಟು ಡಿಗ್ರಿ ಕೆಳಗೆ ಬೈನಾಕ್ಯುಲರ್ ಹಿಡಿದು ಆಚೀಚೆ ಗುಡಿಸಬೇಕು. ಉದ್ದನೆಯ ಬೂದಿಬಣ್ಣದ ಗೆರೆಯಂತೆ ಕಂಡರೆ ಅದೇ. ಅರ್ಧ ಗಂಟೆ ಮೊದಲೇ ಕತ್ತಲಲ್ಲಿ ನಿಂತಿರಬೇಕು. ಟಾರ್ಚ್ ಹಚ್ಚಿ ಬರೆದುಕೊಳ್ಳುವ ಕೆಲಸವನ್ನು ಜೊತೆಯಲ್ಲಿ ಬಂದವರಿಗೆ ಒಪ್ಪಿಸಿ, ಆಮೇಲೆ ಜಾಗ ಬದಲಾಯಿಸಿಕೊಳ್ಳಬಹುದು.